‘ಡೂಮ್’ ಆಟದ ಬಾಳಿಕೆ: ಒಂದು ವಿಚಾರ

ಗಣಕಯಂತ್ರದ ಆಟಗಳ ಆಯುಸ್ಸು ಬಹಳ ಕಿರಿದು. ಅವು ಯಾವ ಯಂತ್ರಕ್ಕಾಗಿ ರಚಿತವಾದುವೋ ಆ ಯಂತ್ರ ಹತ್ತು ಹದಿನೈದು ವರ್ಷಗಳಲ್ಲಿ ಮೂಲೆಗೆ ಬೀಳುತ್ತದೆ. ಅದರೊಡನೆ ಆಟವೂ ಕಣ್ಮರೆಯಾಗುತ್ತದೆ. ಗ್ರಂಥಕ್ಕೆ ಓಲೆ ಶಿಥಿಲವಾದರೆ ಇನ್ನೊಂದು ಓಲೆಯುಂಟು, ಕಾಗದವುಂಟು; ಶ್ರದ್ಧೆಯುಳ್ಳ ಪ್ರತಿಕಾರನೊಬ್ಬನಿದ್ದರೆ ಸಾಕು. ಆಟಕ್ಕೆ ಈ ಸೌಕರ್ಯ ಸುಲಭವಾಗಿ ದೊರೆಯುವುದಿಲ್ಲ. ಹೀಗಿರುವಾಗ ೧೯೯೩ರ ಡಿಸೆಂಬರ್ ೧೦ರಂದು ಪ್ರಕಟವಾದ ‘ಡೂಮ್’ ಎಂಬ ಆಟವು ಮೂವತ್ತು ವರ್ಷಗಳನ್ನು ದಾಟಿಯೂ ಬಳಕೆಯಲ್ಲಿದೆ. ಬಳಕೆಯಲ್ಲಿರುವುದಷ್ಟೇ ಅಲ್ಲ, ಅದಕ್ಕೆ ಹೊಸ ಹಂತಗಳನ್ನು ಜನ ಇಂದಿಗೂ ರಚಿಸುತ್ತಿದ್ದಾರೆ. ಹಳೆಯದರ ಮೇಲಣ ಮೋಹವೇ ಇದಕ್ಕೆ ಕಾರಣವೆಂದು ಹೇಳಿ ಸುಮ್ಮನಾಗುವಂತಿಲ್ಲ. ಏಕೆಂದರೆ ಆಟ ಹೊರಬಂದಾಗ ಇನ್ನೂ ಹುಟ್ಟಿರದಿದ್ದವರೂ ಈ ರಚನಕಾರರಲ್ಲಿ ಸೇರಿದ್ದಾರೆ. ಕಾರಣವನ್ನು ಆಟದ ರಚನೆಯಲ್ಲಿಯೇ ಅರಸಬೇಕು.

ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು. ಡೂಮ್ ‘ಫಸ್ಟ್ ಪರ್ಸನ್ ಶೂಟರ್’ ಎಂಬ ವರ್ಗಕ್ಕೆ ಸೇರಿದ ಆಟ. ಇದರಲ್ಲಿ ಕಥಾನಾಯಕನ ದೇಹ ತೆರೆಯ ಮೇಲೆ ಕಾಣುವುದಿಲ್ಲ. ಅವನ ಕಣ್ಣಿಗೆ ಕಾಣುವುದೇ ನಮಗೂ ಕಾಣುತ್ತದೆ, ತೆರೆಯ ಕೆಳಗಡೆ ಅವನ ಕೈಯೂ ಕೋವಿಯೂ ಮಾತ್ರ. ಕಥೆ ತೀರ ತೆಳುವಾದದ್ದು: ಮಂಗಳ ಗ್ರಹದ ಉಪಗ್ರಹಗಳಲ್ಲಿನ ಸಂಶೋಧನಾ ಕೇಂದ್ರಗಳಲ್ಲಿ ನರಕದ ಬಾಗಿಲು ತೆರೆಯುತ್ತದೆ, ಒಬ್ಬಂಟಿ ಸೈನಿಕನು ಅಲ್ಲಿಂದ ಹೊರಬಿದ್ದ ಪಿಶಾಚಿಗಳನ್ನು ಎದುರಿಸುತ್ತಾನೆ. ಇದನ್ನು ರಚಿಸಿದ್ದು ಅಮೆರಿಕದ ಟೆಕ್ಸಾಸಿನ ‘ಇಡ್ ಸಾಫ್ಟ್‌ವೇರ್’ ಎಂಬ ಚಿಕ್ಕ ಸಂಸ್ಥೆ. ಅದನ್ನು ಮೊದಲು ಸಾರ್ವಜನಿಕರಿಗೆ ಒದಗಿಸಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಒಂದು ಗಣಕದ ಮೂಲಕ. ೨೭ ಹಂತಗಳಲ್ಲಿ ಮೊದಲ ೯ ಉಚಿತ; ಅವನ್ನು ಯಾರು ಬೇಕಾದರೂ ಪ್ರತಿಮಾಡಿ ಹಂಚಬಹುದಾಗಿತ್ತು. ಉಳಿದುವಕ್ಕೆ ಹಣ ತೆರಬೇಕಾಗಿತ್ತು.

ಇದೇ ಸಂಸ್ಥೆಯ ಹಿಂದಿನ ಆಟವಾದ ‘ವುಲ್ಫೆನ್‌ಸ್ಟೈನ್ ೩ಡಿ’ಯಲ್ಲಿ (೧೯೯೨) ಗೋಡೆಗಳೆಲ್ಲ ಒಂದೇ ಎತ್ತರ, ಮೂಲೆಗಳೆಲ್ಲ ಲಂಬಕೋನ, ನೆಲ ಸಪಾಟು. ಡೂಮಿನಲ್ಲಿ ಗೋಡೆ ಯಾವ ಕೋನಕ್ಕಾದರೂ ತಿರುಗಬಲ್ಲುದು. ಮೆಟ್ಟಿಲು, ಹಳ್ಳ, ಏರಿಳಿಯುವ ವೇದಿಕೆ, ಬೆಳಕು, ಕತ್ತಲೆ ಎಲ್ಲವೂ ಬಂದುವು. ಆದರೂ ಇದರ ಮೂರನೆಯ ಆಯಾಮ ಒಂದರ್ಥದಲ್ಲಿ ಕಣ್ಕಟ್ಟು. ಆಟದ ಹಂತವೆಂಬುದು ವಾಸ್ತವವಾಗಿ ಒಂದು ಚಪ್ಪಟೆಯಾದ ನಕ್ಷೆ. ಅದರ ಪ್ರತಿ ವಿಭಾಗಕ್ಕೂ ನೆಲ ಎಷ್ಟು ಎತ್ತರ, ಚಾವಣಿ ಎಷ್ಟು ಎತ್ತರ ಎಂಬ ಎರಡು ಅಂಕಿಗಳನ್ನು ಸೇರಿಸಲಾಗಿದೆ. ಒಂದು ಕೋಣೆಯ ಮೇಲೆ ಇನ್ನೊಂದು ಕೋಣೆ ಇರಲಾರದು. ಅಂದಿನ ಮಂದಗತಿಯ ಯಂತ್ರಗಳಲ್ಲಿ ಚಿತ್ರವನ್ನು ಶೀಘ್ರವಾಗಿ ಮೂಡಿಸಲು ಜಾನ್ ಕಾರ್ಮ್ಯಾಕ್ ಅವರು ನಕ್ಷೆಯನ್ನು ಮೊದಲೇ ಎರಡೆರಡಾಗಿ ಸೀಳುತ್ತ ಹೋಗಿ ಒಂದು ವೃಕ್ಷದ ರೂಪದಲ್ಲಿ ಜೋಡಿಸಿಡುವ ಕ್ರಮವನ್ನು ಅನುಸರಿಸಿದರು. ಈ ಕ್ರಮ ಅವರ ಸ್ವಂತದ್ದಲ್ಲ. ೧೯೮೦ರಲ್ಲಿಯೇ ವಿದ್ವತ್‌ಪ್ರಬಂಧವೊಂದರಲ್ಲಿ ನಿರೂಪಿತವಾಗಿತ್ತು. ಈ ಮಿತಿಯಿಂದ ಒಂದು ಅನಿರೀಕ್ಷಿತ ಲಾಭವಾಯಿತೆಂದು ನನ್ನ ಭಾವನೆ. ಮನೆಯ ನಕ್ಷೆಯನ್ನು ಕಾಗದದ ಮೇಲೆ ಬರೆಯಬಲ್ಲವನು ಡೂಮಿನ ಹಂತವನ್ನೂ ಬರೆಯಬಲ್ಲ. ಅನಂತರ ಬಂದ ಆಟಗಳಲ್ಲಿ ಚಿತ್ರದ ವೈಭವ ಹೆಚ್ಚಿತು. ಅದರೊಡನೆ ಒಂದು ಹಂತವನ್ನು ಕಟ್ಟಲು ಬೇಕಾದ ಶ್ರಮವೂ ಹೆಚ್ಚಿ, ಒಬ್ಬ ಹವ್ಯಾಸಿಯ ಬಿಡುವಿಗೆ ಅದು ಎಟುಕದಂತಾಯಿತು.

ಇನ್ನು ಆಟದ ನಿಯಮಗಳು. ಇಲ್ಲಿನ ಪಿಶಾಚಿಗಳು ಬುದ್ಧಿಯಿಂದ ವರ್ತಿಸುವುದಿಲ್ಲ; ಚದುರಂಗದ ಕಾಯಿಗಳಂತೆ ಪ್ರತಿಯೊಂದಕ್ಕೂ ಒಂದು ನಡೆ ಗೊತ್ತಾಗಿದೆ. ‘ಇಂಪ್’ ಎಂಬುದು ಬೆಂಕಿಯುಂಡೆ ಎಸೆಯುತ್ತದೆ, ಆದರೆ ಆ ಉಂಡೆ ಬರುವುದನ್ನು ಕಂಡು ಪಕ್ಕಕ್ಕೆ ಸರಿಯಲು ಕಾಲಾವಕಾಶವುಂಟು. ಗುಲಾಬಿ ಬಣ್ಣದ ಪಿಶಾಚಿ ಹತ್ತಿರ ಬಂದು ಕಚ್ಚುವುದೇ ಹೊರತು ದೂರದಿಂದ ಏನನ್ನೂ ಮಾಡಲಾರದು. ಪಿಶಾಚಗ್ರಸ್ತ ಸೈನಿಕ ದುರ್ಬಲ, ಆದರೆ ಅವನ ಗುಂಡಿನಿಂದ ತಪ್ಪಿಸಿಕೊಳ್ಳಲು ಅವನ ದೃಷ್ಟಿಯಿಂದಲೇ ಮರೆಯಾಗಬೇಕು. ಈ ಮೂವರನ್ನು ಒಂದೇ ಕೋಣೆಯಲ್ಲಿಟ್ಟರೆ ಒಂದು ಸಮಸ್ಯೆ, ಮೆಟ್ಟಿಲ ಮೇಲೂ ಕೆಳಗೂ ಇಟ್ಟರೆ ಬೇರೊಂದು ಸಮಸ್ಯೆ. ಒಂದರ ಏಟು ಬೇರೊಂದು ಜಾತಿಯದಕ್ಕೆ ತಗುಲಿದರೆ ಅವೆರಡೂ ತಮ್ಮತಮ್ಮಲ್ಲೇ ಕಾದಾಡತೊಡಗುತ್ತವೆ. ನಿಪುಣನಾದ ಆಟಗಾರನು ಗುಂಡು ವ್ಯಯಮಾಡದೆ ಶತ್ರುಗಳ ನಡುವೆ ಓಡಾಡಿ ಈ ಭೇದೋಪಾಯದಿಂದಲೇ ಅರ್ಧ ಯುದ್ಧವನ್ನು ಗೆಲ್ಲುತ್ತಾನೆ. ಮೂಲ ಆಟದಲ್ಲಿ ತಲೆಯೆತ್ತಿ ತಗ್ಗಿಸಿ ನೋಡುವಂತಿಲ್ಲ. ಎದುರಾಳಿ ಎತ್ತರದಲ್ಲಿದ್ದರೆ ಗುಂಡು ತಾನಾಗಿ ಅತ್ತ ಹೋಗುತ್ತದೆ. ಆದುದರಿಂದ ಇಲ್ಲಿ ಗುರಿಗಿಂತ ಕಾಲ್ಚಳಕ ಮುಖ್ಯ. ಹೊರಗಿನಿಂದ ನೋಡಿದವರಿಗೆ ಇದು ಕೇವಲ ಗುಂಡಿನ ಸುರಿಮಳೆ. ಆಡುವವನಿಗೆ ಇದು ಸ್ಥಾನದ ಪ್ರಶ್ನೆ, ಎಲ್ಲಿ ನಿಲ್ಲಬೇಕು, ಯಾವಾಗ ಸರಿಯಬೇಕು ಎಂಬ ಲೆಕ್ಕ. ಅಂಗಗಳು ಕೆಲವೇ, ಸ್ಪಷ್ಟ, ಸಂಯೋಗಗಳು ಅಪಾರ. ಶಬ್ದಗಳು ಸ್ವಲ್ಪವಾಗಿ ವಾಕ್ಯಗಳು ಅನಂತವಾಗಿರುವ ಭಾಷೆಯ ಗುಣವೇ ಇದು.

ಈ ಸ್ಪಷ್ಟತೆಗೆ ಸಂಬಂಧಿಸಿದ ಇನ್ನೊಂದು ಅಂಶ ವಿದ್ವಾಂಸರ ಗಮನಕ್ಕೆ ಅರ್ಹವಾದದ್ದು. ಡೂಮ್ ಒಂದು ಸೆಕೆಂಡಿಗೆ ೩೫ ಬಾರಿ ಆಟಗಾರನ ಆದೇಶವನ್ನು ಗಮನಿಸುತ್ತದೆ. ಅದೃಷ್ಟವನ್ನವಲಂಬಿಸಿದಂತೆ ತೋರುವ ಸಂಗತಿಗಳು ಕೂಡ ೨೫೬ ಅಂಕಿಗಳ ಒಂದು ಸ್ಥಿರವಾದ ಪಟ್ಟಿಯಿಂದ ಕ್ರಮವಾಗಿ ಬರುವಂಥವು. ಆದಕಾರಣ ಆಟಗಾರನ ಆದೇಶಗಳನ್ನು ಮಾತ್ರ ಬರೆದಿಟ್ಟುಕೊಂಡರೆ ಇಡೀ ಆಟವನ್ನು ಇದ್ದುದಿದ್ದಂತೆ ಮತ್ತೆ ನಡೆಯಿಸಬಹುದು, ಚಿತ್ರವನ್ನು ಹಿಡಿದಿಡಬೇಕಾಗಿಲ್ಲ. ಮೂಲದಲ್ಲಿಯೇ ಈ ಏರ್ಪಾಡಿತ್ತು. ೧೯೯೪ರಲ್ಲಿ ಯಾರೋ ಒಂದು ಹಂತವನ್ನು ಎಷ್ಟು ಬೇಗ ಮುಗಿಸಿದರೆಂಬುದನ್ನು ಇಂದು ಅವರ ಒಂದೊಂದು ಹೆಜ್ಜೆ ಸಹಿತ ಪರಿಶೀಲಿಸಬಹುದು. ಚದುರಂಗದ ಪಂದ್ಯಗಳಿಗೆ ಲಿಖಿತ ದಾಖಲೆಯಿರುವಂತೆ ಈ ಆಟಕ್ಕೂ ಒಂದು ದಾಖಲೆಯ ಪರಂಪರೆ ಹೀಗೆ ಬೆಳೆಯಿತು. ದಾಖಲೆಯಿದ್ದಲ್ಲಿ ಹೋಲಿಕೆಯುಂಟು, ವಿಮರ್ಶೆಯುಂಟು, ಹಿಂದಿನವರನ್ನು ಮೀರಬೇಕೆಂಬ ಹಟವುಂಟು.

ಆದರೆ ಬಾಳಿಕೆಯ ಮುಖ್ಯ ಕಾರಣ ಬೇರೆ. ಡೂಮನ್ನು ರಚಿಸಿದವರು ಆಟವನ್ನು ನಡೆಯಿಸುವ ಯಂತ್ರಭಾಗವನ್ನೂ ಆಟದ ಸಾಮಗ್ರಿಯನ್ನೂ ಪ್ರತ್ಯೇಕವಾಗಿರಿಸಿದರು. ನಕ್ಷೆ, ಚಿತ್ರ, ಧ್ವನಿ ಎಲ್ಲವೂ ‘ವ್ಯಾಡ್’ ಎಂಬ ಬೇರೆಯ ಕಡತದಲ್ಲಿ. ನಮ್ಮ ಯಕ್ಷಗಾನದ ಮೇಳಕ್ಕೂ ಪ್ರಸಂಗಕ್ಕೂ ಇರುವ ಸಂಬಂಧವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ: ಮೇಳ ಅದೇ, ಚೆಂಡೆ ಮದ್ದಳೆ ಅವೇ, ಇಂದು ಒಂದು ಪ್ರಸಂಗ, ನಾಳೆ ಇನ್ನೊಂದು. ಹಿಂದಿನ ಆಟದ ಕಡತಗಳನ್ನು ಕೆಲವರು ಒಡೆದು ತಿದ್ದಿದ್ದುಂಟು. ಆದರೆ ತಿದ್ದಿದರೆ ಮೂಲ ಕೆಡುತ್ತಿತ್ತು. ಡೂಮಿನಲ್ಲಿ ಮೂಲಕ್ಕೆ ಕೈ ಹಚ್ಚದೆಯೇ ಹೊಸ ಕಡತವನ್ನು ಅದರ ಮೇಲೆ ಹೊದಿಸಬಹುದಾಯಿತು. ಆಟ ಪ್ರಕಟವಾಗಿ ಎರಡು ತಿಂಗಳು ತುಂಬುವುದರೊಳಗೆ, ೧೯೯೪ರ ಜನವರಿಯಲ್ಲಿ, ನಕ್ಷೆ ರಚಿಸುವ ಉಪಕರಣವನ್ನು ಹವ್ಯಾಸಿಗಳೇ ಸಿದ್ಧಪಡಿಸಿ ಹಂಚಿದರು. ಸಂಸ್ಥೆ ಅದನ್ನು ತಡೆಯಲಿಲ್ಲ. ಹೊರಗಿನ ಕಡತಗಳು ಉಚಿತ ಪ್ರತಿಯೊಡನೆ ನಡೆಯದಂತೆ ಏರ್ಪಡಿಸಿದ್ದಿತು, ಅಷ್ಟೇ. ಹಣ ಕೊಟ್ಟು ಕೊಂಡವನಿಗೆ ಕಟ್ಟುವ ಸ್ವಾತಂತ್ರ್ಯ ಪೂರ್ಣವಾಗಿತ್ತು. ಇದು ವ್ಯಾಪಾರದ ಜಾಣ್ಮೆಯೂ ಹೌದು. ೧೯೯೬ರಲ್ಲಿ ‘ಫೈನಲ್ ಡೂಮ್’ ಎಂಬ ಹೆಸರಿನಿಂದ ಸಂಸ್ಥೆಯೇ ಮಾರಿದ ೬೪ ಹಂತಗಳು ಈ ಹವ್ಯಾಸಿಗಳ ಬಳಗದಿಂದ ಬಂದವರ ಕೃತಿಗಳು.

೧೯೯೭ರ ಡಿಸೆಂಬರಿನಲ್ಲಿ ಯಂತ್ರಭಾಗದ ಮೂಲ ಸಂಕೇತವನ್ನೂ ಪ್ರಕಟಿಸಲಾಯಿತು. ೧೯೯೯ರಲ್ಲಿ ಅದರ ಷರತ್ತುಗಳು ಇನ್ನಷ್ಟು ಸಡಿಲವಾಗಿ, ಯಾರು ಬೇಕಾದರೂ ತಿದ್ದಿ ಹಂಚಬಹುದೆಂದಾಯಿತು. ಧ್ವನಿಗೆ ಸಂಬಂಧಿಸಿದ ಭಾಗ ಅನ್ಯರ ಸ್ವತ್ತಾದುದರಿಂದ ಅದನ್ನು ಕೊಡಲಾಗಲಿಲ್ಲ. ಪಡೆದವರು ತಾವೇ ಅದನ್ನು ಬರೆದುಕೊಂಡರು. ಮೊದಲು ಹೇಳಿದ ಪ್ರತಿಕಾರನು ಆಟಕ್ಕೆ ದೊರೆತದ್ದು ಆಗ. ಯಂತ್ರ ಬದಲಾದಾಗಲೆಲ್ಲ ಯಾರಾದರೊಬ್ಬರು ಡೂಮನ್ನು ಹೊಸ ಯಂತ್ರಕ್ಕೆ ದಾಟಿಸುತ್ತ ಬಂದರು. ೨೦೧೪ರಲ್ಲಿ ಒಬ್ಬ ತಜ್ಞನು ಕಚೇರಿಯ ಮುದ್ರಣಯಂತ್ರವೊಂದರ ಪುಟ್ಟ ತೆರೆಯ ಮೇಲೆ ಇದನ್ನು ಓಡಿಸಿ, ಅಂಥ ಯಂತ್ರಗಳಿಗೆ ಪರರು ಎಷ್ಟು ಸುಲಭವಾಗಿ ನುಸುಳಬಹುದೆಂದು ತೋರಿಸಿದನು. ೨೦೨೦ರಲ್ಲಿ ಗರ್ಭಪರೀಕ್ಷೆಯ ಕಡ್ಡಿಯ ಮೇಲೆ ಡೂಮ್ ಓಡಿತೆಂಬ ಸುದ್ದಿ ಹಬ್ಬಿತು. ವಾಸ್ತವವಾಗಿ ಅದರ ತೆರೆಯನ್ನೂ ಒಳಗಿನ ಯಂತ್ರವನ್ನೂ ಬದಲಿಸಿ ಹೊರಕವಚವನ್ನಷ್ಟೇ ಉಳಿಸಿಕೊಳ್ಳಲಾಗಿತ್ತು. ಇವು ವಿನೋದಗಳು. ಪೋಲೆಂಡಿನ ಪೋಜ್ನಾನ್ ತಾಂತ್ರಿಕ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೬ರಲ್ಲಿ ಪ್ರಕಟಿಸಿದ ‘ವಿಜ್‌ಡೂಮ್’ ವಿನೋದವಲ್ಲ. ಯಂತ್ರಗಳಿಗೆ ಕೇವಲ ದೃಶ್ಯದಿಂದ ಕಲಿಯುವುದನ್ನು ಅಭ್ಯಾಸ ಮಾಡಿಸುವ ಸಾಧನ ಅದು. ನಕ್ಷೆ, ಚಿತ್ರಗಳ ಹಕ್ಕು ಮಾತ್ರ ಇಂದಿಗೂ ಒಡೆಯರಲ್ಲೇ ಇದೆ. ಆ ಕೊರತೆಯನ್ನು ತುಂಬಲು ‘ಫ್ರೀಡೂಮ್’ ಎಂಬ ಬಳಗವು ಎಲ್ಲ ಸಾಮಗ್ರಿಯನ್ನೂ ಹೊಸದಾಗಿ ರಚಿಸಿ ಉಚಿತವಾಗಿ ಕೊಟ್ಟಿದೆ.

ಆಕ್ಷೇಪಣೆಯನ್ನು ಮರೆಮಾಡಬಾರದು. ಡೂಮ್ ರಕ್ತಸಿಕ್ತವಾದ ಆಟ. ಜರ್ಮನಿ ೧೯೯೪ರಲ್ಲಿ ಇದನ್ನು ಕಿರಿಯರಿಗೆ ನಿಷಿದ್ಧವಾದ ಪಟ್ಟಿಗೆ ಸೇರಿಸಿ ೨೦೧೧ರಲ್ಲಿ ತೆಗೆದುಹಾಕಿತು. ೧೯೯೯ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಹತ್ಯಾಕಾಂಡ ನಡೆಯಿಸಿದ ಇಬ್ಬರು ವಿದ್ಯಾರ್ಥಿಗಳು ಈ ಆಟವನ್ನು ಆಡುತ್ತಿದ್ದರು. ಅವರಲ್ಲೊಬ್ಬನು ಇದಕ್ಕೆ ಹಂತಗಳನ್ನೂ ರಚಿಸಿದ್ದನು. ಆಟವೇ ಕೊಲೆಗೆ ಕಾರಣವೆಂಬ ವಾದ ಆಗ ಬಲವಾಗಿ ಕೇಳಿಬಂದಿತು. ಇದನ್ನು ಆಡಿಯೂ ಯಾರನ್ನೂ ನೋಯಿಸದ ಅಸಂಖ್ಯಾತರನ್ನು ನೆನೆದರೆ ಆ ವಾದ ನಿಲ್ಲಲಾರದೆಂದು ನನಗೆ ತೋರುತ್ತದೆ. ಆದರೂ ನಾವು ಇಲ್ಲಿ ಹೊಗಳುತ್ತಿರುವ ಮುಕ್ತತೆ ಎಲ್ಲ ಕೈಗಳಿಗೂ ಒಂದೇ ಎಂಬುದನ್ನು ಒಪ್ಪಿಕೊಳ್ಳಬೇಕು. ಅಮೆರಿಕದ ನೌಕಾಪದಾತಿಗಳು ೧೯೯೬ರಲ್ಲಿ ಸೈನಿಕರ ಅಭ್ಯಾಸಕ್ಕಾಗಿ ಡೂಮಿನ ಒಂದು ರೂಪಾಂತರವನ್ನು ಮಾಡಿಕೊಂಡದ್ದೂ ಈ ಮುಕ್ತತೆಯಿಂದಲೇ.

ಡೂಮ್ ಹೆಸರಿನ ಮುಂದಿನ ಆಟಗಳ ಚರ್ಚೆ ಇಲ್ಲಿ ಹೆಚ್ಚು ಬೇಕಿಲ್ಲ. ೨೦೦೪, ೨೦೧೬, ೨೦೨೦, ೨೦೨೫ರಲ್ಲಿ ಬಂದ ಆಟಗಳಲ್ಲಿ ಪಿಶಾಚಿಗಳು ಅವೇ. ೨೦೧೬ರದು ನಿಜವಾಗಿಯೂ ಒಳ್ಳೆಯ ಆಟ. ಆದರೆ ಅದರಲ್ಲಿ ಆಟಗಾರನಿಗೆ ಒದಗಿಸಿದ್ದು ಸಿದ್ಧವಾದ ಕೋಣೆಗಳನ್ನು ಪೋಣಿಸುವ ಉಪಕರಣ, ಗೋಡೆಯನ್ನೇ ಎಬ್ಬಿಸುವ ಸ್ವಾತಂತ್ರ್ಯವಲ್ಲ. ಹೊಸದನ್ನು ಆಡಿ ಮುಗಿಸಿದ ಅನೇಕರು ೧೯೯೩ರದಕ್ಕೆ ಹಿಂದಿರುಗಿದರು. ಅದನ್ನು ರಚಿಸಿದವರಲ್ಲೊಬ್ಬರಾದ ಜಾನ್ ರೊಮೇರೊ ಅವರೂ ಹಿಂದಿರುಗಿದವರೇ. ಅವರು ೨೦೧೯ರಲ್ಲಿ ಮೂಲ ಆಟಕ್ಕೆ ‘ಸಿಜಿಲ್’ ಎಂಬ ೯ ಹಂತಗಳ ಹೊಸ ಭಾಗವನ್ನೂ, ೨೦೨೩ರ ಡಿಸೆಂಬರ್ ೧೦ರಂದು ಅದರ ಎರಡನೆಯ ಭಾಗವನ್ನೂ ಬರೆದರು. ಒಂದು ನೋಟದಲ್ಲಿ ಕಾಣಬಹುದಾದ ನೆಲ-ಚಾವಣಿಗಳ ಸಂಖ್ಯೆಗೆ ಮೂಲ ಡೂಮಿನಲ್ಲಿ ಒಂದು ಮಿತಿಯುಂಟು. ‘ಸಿಜಿಲ್’ ಮೊದಲು ಬಂದಾಗ ಇಂಥ ಮಿತಿಗಳನ್ನು ಮೀರಿದ್ದಿತು. ಅದನ್ನು ಆಡಬೇಕಾದರೆ ಹವ್ಯಾಸಿಗಳು ತಿದ್ದಿ ಬೆಳೆಸಿದ ಯಂತ್ರಭಾಗವೇ ಬೇಕಾಗಿತ್ತು.