ಉಳಿದ ಕೋಳಿಯಿಂದ ಮೆಕ್ಸಿಕೋ ರೀತಿಯ ರೊಟ್ಟಿಯೂಟ

ಹಬ್ಬಕ್ಕೆಂದು ಇಡಿಯಾಗಿ ಹುರಿದ ಕೋಳಿಯು ಒಂದೇ ಊಟಕ್ಕೆ ತೀರುವುದು ಅಪೂರ್ವ. ಮರುದಿನ ಎಲುಬಿಗಂಟಿ ಉಳಿದ ಮಾಂಸವನ್ನು ಸಾರಿಗೆ ಹಾಕಿ ಮತ್ತೆ ಕುದಿಸುವುದು ನಮ್ಮ ಮನೆಗಳ ವಾಡಿಕೆ. ಹಾಗೆ ಮಾಡಿದರೆ ಎದೆಯ ಭಾಗವು ನಾರಿನಂತಾಗಿ, ಮಕ್ಕಳು ಅದನ್ನು ತಟ್ಟೆಯ ಅಂಚಿಗೆ ಸರಿಸುತ್ತಾರೆ. ಯಡಿಯೂರಿನ ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ಮೆಕ್ಸಿಕೋ ದೇಶದ ಕ್ರಮವೊಂದನ್ನು ಅನುಸರಿಸುತ್ತಿದ್ದೇವೆ. ಉದ್ಯೋಗದಿಂದ ದಣಿದು ಬರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ವಿವರಿಸುತ್ತೇನೆ.

ಆ ದೇಶದ ಪುಯೆಬ್ಲಾ ಪ್ರಾಂತದಲ್ಲಿ ಟಿಂಗಾ ಎಂಬ ವ್ಯಂಜನವುಂಟು. ಬೆಂದ ಕೋಳಿಮಾಂಸವನ್ನು ಎಳೆಯೆಳೆಯಾಗಿ ಬಿಡಿಸಿ, ಈರುಳ್ಳಿ, ಟೊಮೇಟೋ, ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಇವುಗಳ ಗೊಜ್ಜಿನಲ್ಲಿ ಕಲಸುವುದೇ ಅದರ ಮರ್ಮ. ಎಳೆಗಳು ಸಣ್ಣವಾದಷ್ಟೂ ರಸವು ಚೆನ್ನಾಗಿ ಹಿಡಿಯುವುದು. ಮಾಂಸವು ಒಣಗಿದ್ದುದು ತಿಳಿಯದು. ಪರದೇಶದ ಅಡಿಗೆಯೆಂದು ಯಾರೂ ಹಿಂಜರಿಯಬೇಕಾದದ್ದಿಲ್ಲ. ಮೆಣಸಿನಕಾಯಿ, ಟೊಮೇಟೋ, ಮುಸುಕಿನ ಜೋಳ ಈ ಮೂರೂ ಅಮೇರಿಕಾ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸನು ಆ ಕಡೆಯ ದಡವನ್ನು ಮುಟ್ಟಿದ ತರುವಾಯವೇ ಅವು ನಮ್ಮಲ್ಲಿಗೆ ಬಂದವು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಪೂರ್ವಿಕರೂ ಅಲ್ಲಿಯವರೇ!

ಅಲ್ಲಿಯವರ ರೊಟ್ಟಿಗೆ ಟೋರ್ಟಿಯಾ ಎಂದು ಹೆಸರು. ಮುಸುಕಿನ ಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಯಿಟ್ಟು, ತೊಳೆದು ಅರೆಯುತ್ತಾರೆ. ಇದರಿಂದ ಸಿಪ್ಪೆಯು ಸಡಿಲವಾಗುವುದಲ್ಲದೆ, ಕಾಳಿನಲ್ಲಿ ಬಂಧಿತವಾಗಿರುವ ನಿಯಾಸಿನ್ ಎಂಬ ಜೀವಸತ್ವವು ದೇಹಕ್ಕೆ ದಕ್ಕುತ್ತದೆ; ಹಿಟ್ಟಿಗೆ ಅಂಟೂ ಬರುತ್ತದೆ. ನಮ್ಮ ಅಂಗಡಿಗಳ ಸಾಮಾನ್ಯ ಜೋಳದ ಹಿಟ್ಟು ಹೀಗೆ ಸಂಸ್ಕರಿಸಿದ್ದಲ್ಲವಾದ್ದರಿಂದ ರೊಟ್ಟಿಯು ಮಡಿಚಿದೊಡನೆ ಸೀಳುವುದು. ಅದರ ಗೊಡವೆ ಬೇಡ, ಚಪಾತಿಯೇ ಸಾಕು. ಮೆಕ್ಸಿಕೋದ ಉತ್ತರಭಾಗದಲ್ಲಿ ಗೋಧಿಯ ರೊಟ್ಟಿಯೂ ರೂಢಿಯಲ್ಲಿದೆ.

ಆದರೆ ಬಾಣಲೆಯನ್ನು ಒಲೆಗಿಡುವ ಮುಂಚೆ ಕೋಳಿಯ ಪೂರ್ವಚರಿತ್ರೆಯನ್ನು ವಿಚಾರಿಸಬೇಕು. ಒಂದು ವರ್ಷ ಹಬ್ಬದ ಗಡಿಬಿಡಿಯಲ್ಲಿ ನಾನೇ ಮಾಂಸವನ್ನು ರಾತ್ರಿಯೆಲ್ಲಾ ಮೇಜಿನ ಮೇಲೆ ಮುಚ್ಚಿಟ್ಟು, ಬೆಳಗ್ಗೆ ಚೆನ್ನಾಗಿ ಕಾಯಿಸಿ ಬಡಿಸಿದೆನು. ವಾಸನೆಯೇನೂ ಕೆಟ್ಟಿರಲಿಲ್ಲ. ಸಾಯಂಕಾಲದೊಳಗೆ ನನ್ನ ತಂಗಿಯ ಮಗನಿಗೆ ವಾಂತಿಭೇದಿ ಹತ್ತಿ, ಎರಡು ರಾತ್ರಿ ನಮಗಾರಿಗೂ ನಿದ್ರೆಯಿಲ್ಲದೆ ಹೋಯಿತು. ತರಗತಿಯಲ್ಲಿ ಆರೋಗ್ಯಶಾಸ್ತ್ರವನ್ನು ಬೋಧಿಸುತ್ತಿದ್ದವಳಿಗೆ ಇದಕ್ಕಿಂತ ನಾಚಿಕೆ ಬೇಕೇ? ಕೆಲವು ಸೂಕ್ಷ್ಮಜೀವಿಗಳು ಸತ್ತರೂ ಅವು ಬಿಟ್ಟ ವಿಷವು ಕುದಿಸಿದರೂ ಹೋಗದು. ಆದಕಾರಣ ಕೋಳಿ ಬೆಂದ 2 ಗಂಟೆಯೊಳಗೆ ಮಾಂಸವನ್ನು ಎಲುಬಿನಿಂದ ಬಿಡಿಸಿ, ಆಳವಿಲ್ಲದ ಪಾತ್ರೆಯಲ್ಲಿಟ್ಟು ಫ್ರಿಜ್ಜಿಗೆ ಸೇರಿಸಬೇಕು. 3 ದಿನ ಮೀರಿದ್ದನ್ನು ಎಸೆಯಬೇಕು. ಎಸೆಯಲು ನನಗೂ ಮನಸ್ಸು ಬಾರದು, ಆದರೂ ಎಸೆಯುತ್ತೇನೆ.

ನಾಲ್ವರಿಗೆ ಬಿಡಿಸಿದ ಮಾಂಸ 2 ಬಟ್ಟಲು ಬೇಕು. 4 ಬ್ಯಾಡಗಿ ಮೆಣಸಿನಕಾಯಿಗಳನ್ನು ಕಾವಲಿಯ ಮೇಲೆ ತುಸು ಕಪ್ಪಗಾಗುವಂತೆ ಸುಟ್ಟು, ಬಿಸಿನೀರಿನಲ್ಲಿ ನೆನೆಸಿ, 3 ಟೊಮೇಟೋಗಳೊಂದಿಗೆ ಅರೆಯಬೇಕು. 2 ಚಮಚ ಎಣ್ಣೆಯಲ್ಲಿ ಉದ್ದುದ್ದವಾಗಿ ಹೆಚ್ಚಿದ 2 ಈರುಳ್ಳಿಗಳನ್ನು ಬಾಡಿಸಿ, 3 ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಜೀರಿಗೆಪುಡಿ ಸೇರಿಸಿ, ಅರೆದುದನ್ನು ಹಾಕಬೇಕು. ಹಸಿವಾಸನೆ ಹೋಗಿ ಗೊಜ್ಜು ಗಟ್ಟಿಯಾದ ಮೇಲೆ ಮಾಂಸವನ್ನು ಕೂಡಿಸಿ, ಎಲ್ಲೆಡೆ ಹಬೆಯಾಡುವ ತನಕ ಕಾಯಿಸಬೇಕು. ಉಪ್ಪು ಕೊನೆಗೆ, ಏಕೆಂದರೆ ಹುರಿದ ಕೋಳಿಯಲ್ಲಿ ಆಗಲೇ ಉಪ್ಪಿರುತ್ತದೆ. ಇದನ್ನು ಬಿಸಿ ಚಪಾತಿಯ ನಡುವೆ ಹರಡಿ, ಹಸಿ ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆಯ ರಸ ಹಾಕಿ ಮಡಿಚಿಕೊಡಬಹುದು. ಜಯನಗರದ ಮಾರುಕಟ್ಟೆಯಲ್ಲಿ ಹಣ್ಣಾದ ಬೆಣ್ಣೆಹಣ್ಣು ಸಿಕ್ಕಿದರೆ ಉಪ್ಪುನಿಂಬೆಯೊಡನೆ ಕಿವುಚಿ ಪಕ್ಕಕ್ಕೆ ಬಡಿಸಿರಿ.

ಮಿಕ್ಕ ಪಲ್ಯವನ್ನು ಮಗುವಿನ ಬುತ್ತಿಗೆ ಹಾಕುವುದು ಬೇಡ. ಮಧ್ಯಾಹ್ನದವರೆಗೆ ಅದು ತರಗತಿಯಲ್ಲಿ ಉಗುರುಬೆಚ್ಚಗೆ ಕುಳಿತಿರುತ್ತದೆ. ಬುತ್ತಿಗೆ ಚಪಾತಿಯೂ ಬೆಲ್ಲವೂ ಸಾಕು.