ಎರಡು ಹೆಸರು, ಒಂದೇ ಸೊಪ್ಪು



ಮುಂಗಾರು ಬಿದ್ದು ಹದಿನೈದು ದಿನವಾದರೆ ಸಾಕು, ನಮ್ಮ ಪರಿಗಿ ಸೀಮೆಯ ಬದುಗಳಲ್ಲಿ, ಕಡಲೆಕಾಯಿ ಹೊಲದ ಸಾಲುಗಳಲ್ಲಿ ಬಿತ್ತದ ಸೊಪ್ಪು ತಾನಾಗಿ ಏಳುತ್ತದೆ. ಒಂದು ಮಡಿಲು ತಂದರೆ ಬೆರಕೆ ಸೊಪ್ಪಿನ ಬಸ್ಸಾರಿಗೆ ಕಾಸಿನ ಖರ್ಚಿಲ್ಲ. ತೊಡಕಿರುವುದು ಹೆಸರಿನಲ್ಲಿ. ನಾವು ಅಣ್ಣೆ ಸೊಪ್ಪು ಎಂದರೆ ತೆಲುಗಿನವರು ಗುರುಗು ಎನ್ನುತ್ತಾರೆ, ಕೆಲವರು ಗುನುಗು ಎನ್ನುತ್ತಾರೆ. ನಮ್ಮ ಹೊನಗೊನೆ ಅವರಿಗೆ ಪೊನ್ನಗಂಟಿ. ಆದ್ದರಿಂದ ಬರೀ ಹೆಸರು ನಂಬಿ ಕೀಳಬೇಡಿ, ಗಿಡದ ಗುರುತು ನೋಡಿ ಕೀಳಿ.

ಗಿಡಗಳಲ್ಲೂ ನೆಂಟಸ್ತಿಕೆ ಉಂಟು. ದಂಟು, ಅಣ್ಣೆ, ಹೊನಗೊನೆ, ಬೇಲಿಯ ಉತ್ತರಾಣಿ, ಇವೆಲ್ಲ ಒಂದೇ ಕುಟುಂಬ. ಇವುಗಳ ಹೂವನ್ನು ಮುಟ್ಟಿ ನೋಡಿ: ಎಸಳಿನ ಮೆದುವಿಲ್ಲ, ಒಣ ಹೊಟ್ಟಿನಂತೆ ಇರುತ್ತದೆ. ದಂಟು, ಅಣ್ಣೆಗಳ ತೆನೆ ಉಜ್ಜಿದರೆ ಮಿರಿಮಿರಿ ಕರಿ ಬೀಜ ಉದುರುತ್ತದೆ. ಸಾರಿಗೆ ಮಾತ್ರ ತೆನೆ ಬರುವ ಮೊದಲಿನ ಎಳೆ ಕುಡಿಯೇ ರುಚಿ.

ಗೋಣಿ ಸೊಪ್ಪಿನ ಜೊತೆಯಲ್ಲೇ ನೆಲಕ್ಕೆ ಅಂಟಿಕೊಂಡು ಹಬ್ಬುವ ಇನ್ನೊಂದು ಗಿಡವಿದೆ. ದೂರಕ್ಕೆ ಎರಡೂ ಒಂದೇ. ಕಾಂಡ ಮುರಿಯಿರಿ. ಗೋಣಿಯಲ್ಲಿ ಬರುವುದು ನೀರು, ಎಲೆಯೂ ದಪ್ಪ. ಇನ್ನೊಂದರಲ್ಲಿ ಬಿಳಿ ಹಾಲು ಒಸರುತ್ತದೆ, ಅದು ಕಳ್ಳಿಯ ನೆಂಟ, ಅಲ್ಲೇ ಬಿಡಿ. ಹಾಗೆಂದು ಹಾಲಿರುವುದೆಲ್ಲ ವಿಷವೆನ್ನಬೇಡಿ. ಉತ್ತರ ಕರ್ನಾಟಕದವರು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಿಕೆಯಲ್ಲೂ ಹಾಲುಂಟು.

ನಿಜವಾದ ಎಚ್ಚರ ಬೇಕಾದದ್ದು ಬದನೆಯ ಕುಟುಂಬದಲ್ಲಿ. ಟೊಮೇಟೊ, ಮೆಣಸಿನಕಾಯಿ, ಗಣಿಕೆ ಸೊಪ್ಪು ಈ ಮನೆಯವು. ಉಮ್ಮತ್ತಿಯೂ ಇದೇ ಮನೆಯದು, ಅದರ ಬೇರಿನಿಂದ ಬೀಜದವರೆಗೆ ವಿಷ. ಇದಕ್ಕೆ ಕನ್ನಡದಲ್ಲಿ ಮದಗುಣಿಕೆ ಎಂಬ ಹೆಸರೂ ಇದೆ. ಗಣಿಕೆ, ಮದಗುಣಿಕೆ, ಕಿವಿಗೆ ಎಷ್ಟು ಹತ್ತಿರ ನೋಡಿ! ತೆಲುಗಿನಲ್ಲಿ ಆ ಗೊಂದಲವಿಲ್ಲ: ಗಣಿಕೆ ಕಾಮಂಚಿ, ಇದು ಉಮ್ಮೆತ್ತ. ಎಳೆಯ ಸಸಿಯಲ್ಲಿ ಸಂಶಯ ಬಂದರೆ ಹೂ ಬರುವವರೆಗೆ ಕಾಯಿರಿ. ಗಣಿಕೆಯದು ಐದೆಸಳಿನ ಪುಟ್ಟ ಬಿಳಿ ಹೂ, ಬಟಾಣಿಗಿಂತ ದೊಡ್ಡದಾಗದ ಹಣ್ಣಿನ ಗೊಂಚಲು. ಉಮ್ಮತ್ತಿಯದು ತುತ್ತೂರಿಯಂಥ ಉದ್ದ ಹೂ, ಮುಳ್ಳುಮುಳ್ಳು ಕಾಯಿ. ಗಣಿಕೆಯ ಹಸಿರು ಕಾಯನ್ನೂ ಮಕ್ಕಳಿಗೆ ಕೊಡಬೇಡಿ.

ಸೊಪ್ಪು ಉಂಡವರಿಗೆ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಮಾತು ತಪ್ಪುತ್ತಿದ್ದರೆ ಮನೆಮದ್ದಿಗೆ ಕೂರದೆ ಆಸ್ಪತ್ರೆಗೆ ಒಯ್ಯಿರಿ. ಕಿತ್ತ ಗಿಡದ ತುಂಡನ್ನೂ ಜೊತೆಗೆ ಒಯ್ಯಿರಿ; ವೈದ್ಯರಿಗೆ ಅದೇ ದೊಡ್ಡ ಸುಳಿವು.

ಇನ್ನೆರಡು ಮಾತು. ಕಳೆನಾಶಕ ಹೊಡೆದ ಹೊಲದ ಸೊಪ್ಪು ಬೇಡ, ಹೊಲದವರನ್ನು ಕೇಳಿಯೇ ಇಳಿಯಿರಿ. ಮೂತ್ರಪಿಂಡದಲ್ಲಿ ಕಲ್ಲಿರುವವರು ಗೋಣಿ, ದಂಟು ಕಡಿಮೆ ಮಾಡಿ. ಅವರ ಪಾಲಿಗೆ ಬಸಿದ ಕಟ್ಟಿನ ಸಾರು ಬೇಡ, ಬರೀ ಪಲ್ಯ ಸ್ವಲ್ಪ ಬಡಿಸಿ.