ಅಂಬಾಸಿಡರ್ ಎಂಜಿನ್ ಮೇಲೆ ಆಯಿಲ್ ಜಿನುಗುತ್ತಿದೆಯೇ? ಮೊದಲು ಪ್ಯಾಕಿಂಗ್ ನೋಡಿ

2014ರಲ್ಲಿ ತಯಾರಿಕೆ ನಿಂತರೂ ಅಂಬಾಸಿಡರ್ ಕಾರನ್ನು ಜೋಪಾನ ಮಾಡಿಕೊಂಡು ಬಂದವರು ಇನ್ನೂ ಇದ್ದಾರೆ. ಅದರ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್ ಮೇಲೆ ಆಯಿಲ್ ಜಿನುಗಿದರೆ, ಎಂಜಿನ್ನೇ ಬಿಚ್ಚಬೇಕೇನೋ ಅಂತ ಗಾಬರಿ ಬೇಡ. ಬಹಳ ಸಲ ಹಾಳಾಗಿರೋದು ಟ್ಯಾಪೆಟ್ ಕವರ್ ಕೆಳಗಿನ ಕಾರ್ಕ್ ಪ್ಯಾಕಿಂಗ್ ಅಷ್ಟೇ. ಹಾಗಂತ ಬಿಡುವಂತಿಲ್ಲ: ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬಿದ್ದರೆ ಹೊಗೆ ಬರುತ್ತೆ, ಬೆಂಕಿಯ ಅಪಾಯವೂ ಇದೆ.

ಎಂಜಿನ್ ತಣ್ಣಗಾದ ಮೇಲೆ ಬ್ರೀದರ್ ಪೈಪ್ ಕಳಚಿ, ಮೇಲಿನ ಎರಡು ನಟ್ ಬಿಚ್ಚಿ ಕವರ್ ಎತ್ತಿ. ಹಳೇ ಕಾರ್ಕ್ ಕೆರೆಯುವಾಗ ಚೂರು ಒಳಗೆ ಬೀಳದಂತೆ ಬಟ್ಟೆ ಮುಚ್ಚಿ, ಆಮೇಲೆ ಮರೆಯದೆ ತೆಗೆಯಿರಿ. ಕವರ್ ಅಂಚನ್ನು ಗಾಜಿನ ಮೇಲಿಟ್ಟು ನೋಡಿ. ಸೊಟ್ಟಗಿದ್ದರೆ ಮರದ ತುಂಡಿಟ್ಟು ತಟ್ಟಿ ಸರಿಮಾಡಿ. ಹೊಸ ಪ್ಯಾಕಿಂಗನ್ನು ಕವರ್‌ಗೆ ಮಾತ್ರ ಅಂಟಿಸಿ. ನಟ್ ಕೆಳಗಿನ ರಬ್ಬರ್ ಬುಷ್‌ಗಳನ್ನೂ ಬದಲಿಸಿ, ಅಲ್ಲಿಂದಲೂ ಸೋರುತ್ತೆ.

ಹೆಚ್ಚಿನವರು ಎಡವೋದು ಕೊನೆಯಲ್ಲಿ. ಸೋರದಿರಲಿ ಅಂತ ಜೋರಾಗಿ ಬಿಗಿದರೆ ತಗಡು ಬಗ್ಗಿ, ಕಾರ್ಕ್ ಹೊರಕ್ಕೆ ಬಂದು, ಸೋರಿಕೆ ಹೆಚ್ಚಾಗುತ್ತೆ. ಎರಡೂ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸಮನಾಗಿ ತಿರುಗಿಸಿ, ಹಿಡಿತ ಸಿಕ್ಕ ಕೂಡಲೇ ನಿಲ್ಲಿಸಿ. ಪೈಪ್ ಜೋಡಿಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಅಂಚು ನೋಡಿ. ಆಗಲೂ ಸೋರಿದರೆ ಬ್ರೀದರ್ ಕಟ್ಟಿಕೊಂಡಿದೆಯೇ ಅಂತ ಪರೀಕ್ಷಿಸಿ.